ಮಂಗನ ಕಾಯಿಲೆಯ ಪ್ರಶ್ನೆ, ಹಕ್ಕಿಯ ಕಾಲಿನ ಉಂಗುರ: ಸಲೀಂ ಅಲಿಯವರ ಪಕ್ಷಿವಲಸೆ ಸಂಶೋಧನೆ ಮತ್ತು ಮಧ್ಯ ಕರ್ನಾಟಕದ ಜಲನೆಲೆಗಳು

ಪೀಠಿಕೆ

ಭಾರತದಲ್ಲಿ ವಲಸೆ ಹಕ್ಕಿಗಳ ವೈಜ್ಞಾನಿಕ ಅಧ್ಯಯನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಜಸ್ಥಾನದ ಭರತಪುರ, ತಮಿಳುನಾಡಿನ ಪಾಯಿಂಟ್ ಕ್ಯಾಲಿಮೇರ್, ಒಡಿಶಾದ ಚಿಲ್ಕಾ ಸರೋವರಗಳಿಂದ ಆರಂಭಿಸುವುದು ರೂಢಿ. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಶಿಬಿರಗಳು ನಡೆದದ್ದು ಅಲ್ಲಿಯೇ ಆದುದರಿಂದ ಈ ರೂಢಿ ಸಹಜವಾದುದು. ಆದರೆ ಸ್ವತಂತ್ರ ಭಾರತದಲ್ಲಿ ಈ ಕಾರ್ಯವನ್ನು ವ್ಯಾಪಕ ಪ್ರಮಾಣದಲ್ಲಿ ಕೈಗೆತ್ತಿಕೊಳ್ಳಲು ಕಾರಣವಾದ ಪ್ರಶ್ನೆಯು ಹುಟ್ಟಿದ್ದು ಕರ್ನಾಟಕದ ಮಲೆನಾಡಿನಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಆ ರೋಗದ ಬೀಜವನ್ನು ಉತ್ತರದ ಶೀತದೇಶಗಳಿಂದ ಹಕ್ಕಿಗಳು ತಂದವೇ ಎಂಬ ಸಂದೇಹ ವಿಜ್ಞಾನಿಗಳಲ್ಲಿ ಮೂಡಿತು. ಆ ಸಂದೇಹವನ್ನು ಪರೀಕ್ಷಿಸುವ ಹೊಣೆಯನ್ನು ಹೊತ್ತವರು ಡಾ. ಸಲೀಂ ಅಲಿ (1896–1987).

ಅರವತ್ತಮೂರು ವರ್ಷಗಳ ತರುವಾಯ, 2020ರ ಮಾರ್ಚ್ ತಿಂಗಳಿನಲ್ಲಿ, ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡು ಗ್ರಾಮದಲ್ಲಿ ಕೋಳಿಗಳಿಗೆ ಹಕ್ಕಿಜ್ವರ ತಗುಲಿರುವುದು ದೃಢಪಟ್ಟಿತು. ಇದೇ ಅವಧಿಯಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿಯೂ ರೋಗ ಕಾಣಿಸಿಕೊಂಡಿತ್ತು. ಇಂತಹ ಪ್ರತಿಯೊಂದು ಸಂದರ್ಭದಲ್ಲಿಯೂ 1957ರ ಸಂದೇಹವೇ ಮರಳಿ ತಲೆಯೆತ್ತುತ್ತದೆ. ದೂರದಿಂದ ಬಂದ ಹಕ್ಕಿಯೇ ರೋಗವನ್ನು ತಂದಿತೇ? ಈ ಪ್ರಶ್ನೆಗೆ ಉತ್ತರಿಸಲು ಬೇಕಾದ ತಿಳಿವಳಿಕೆಯು ರೋಗ ಬಂದ ಮೇಲೆ ಒಮ್ಮೆಲೇ ಸಂಗ್ರಹವಾಗುವಂಥದಲ್ಲ. ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಯಾವ ತಿಂಗಳಿನಲ್ಲಿ ಬರುತ್ತದೆ, ಎಷ್ಟು ಸಂಖ್ಯೆಯಲ್ಲಿ ಬರುತ್ತದೆ, ಬಂದು ಎಲ್ಲಿ ತಂಗುತ್ತದೆ ಎಂಬುದನ್ನು ವರ್ಷ ವರ್ಷವೂ ದಾಖಲಿಸಿಟ್ಟಿದ್ದರೆ ಮಾತ್ರ ಅದು ದೊರೆಯುತ್ತದೆ. ಸಲೀಂ ಅಲಿಯವರ ಯೋಜನೆಯು ಹೇಗೆ ನಡೆಯಿತು, ಅದರ ವಿಧಾನವೇನು, ಅದರಿಂದ ತಿಳಿದುಬಂದುದೇನು, ಆ ಪರಂಪರೆಯು ತುಂಗಭದ್ರಾ ತೀರದ ಹರಿಹರ ಹಾಗೂ ದಾವಣಗೆರೆ ಸೀಮೆಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಕ್ಯಾಸನೂರಿನ ಪ್ರಶ್ನೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡುಗಳಲ್ಲಿ ಕೋತಿಗಳೂ ಮುಸುವಗಳೂ ಸಾಯುತ್ತಿದ್ದುದು, ಅದೇ ವೇಳೆಗೆ ಸುತ್ತಲಿನ ಹಳ್ಳಿಗಳ ಜನರಲ್ಲಿ ತೀವ್ರ ಸ್ವರೂಪದ ಜ್ವರ ಕಾಣಿಸಿಕೊಂಡದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಗಮನಕ್ಕೆ ಬಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಕ್‌ಫೆಲರ್ ಪ್ರತಿಷ್ಠಾನಗಳು 1952ರಲ್ಲಿ ಸ್ಥಾಪಿಸಿದ ಈ ಕೇಂದ್ರವೇ ಮುಂದೆ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಯಿತು. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಈ ಜ್ವರಕ್ಕೆ ಕಾರಣವಾದ ವೈರಸ್ಸನ್ನು ಪ್ರತ್ಯೇಕಿಸಿದರು. ಕಾಡಿನ ಹೆಸರಿನಿಂದ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್ ಎಂದು ಹೆಸರಾಯಿತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಗಿಯೇ ಉಳಿಯಿತು. ಕಾಡಿನ ನೆಲದಲ್ಲಿರುವ ಉಣುಗು ಅದರ ವಾಹಕವೆಂಬುದೂ, ಹೀಮಫೈಸಾಲಿಸ್ ಸ್ಪೈನಿಜೆರಾ ಎಂಬ ಪ್ರಭೇದವು ಅವುಗಳಲ್ಲಿ ಪ್ರಮುಖವೆಂಬುದೂ ಕ್ರಮೇಣ ತಿಳಿಯಿತು.

ವಿಜ್ಞಾನಿಗಳನ್ನು ಬೆರಗುಗೊಳಿಸಿದ್ದು ಈ ವೈರಸ್ಸಿನ ಬಂಧುತ್ವ. ಅದು ರಷ್ಯಾದ ವಸಂತ-ಗ್ರೀಷ್ಮ ಮಿದುಳುರಿತ ಹಾಗೂ ಸೈಬೀರಿಯಾದ ಓಮ್ಸ್ಕ್ ರಕ್ತಸ್ರಾವ ಜ್ವರದ ವೈರಸ್ಸುಗಳಿರುವ ಗುಂಪಿಗೆ ಸೇರಿದ್ದಿತು. ಸಾವಿರಾರು ಕಿಲೋಮೀಟರ್ ದೂರದ ಶೀತಪ್ರದೇಶದ ವೈರಸ್ಸಿನ ಬಂಧುವು ಪಶ್ಚಿಮಘಟ್ಟದ ತೇವಭರಿತ ಕಾಡಿನಲ್ಲಿ ಕಾಣಿಸಿಕೊಂಡುದಕ್ಕೆ ವಿವರಣೆ ಬೇಕಾಗಿತ್ತು. ಪ್ರತಿವರ್ಷ ಶರತ್ಕಾಲದಲ್ಲಿ ಉತ್ತರ ಏಷ್ಯಾದಿಂದ ಅಸಂಖ್ಯ ಹಕ್ಕಿಗಳು ಭಾರತಕ್ಕೆ ಇಳಿದು ಬರುತ್ತವೆ. ಅವುಗಳ ಮೈಮೇಲೆ ಉಣುಗಿನ ಮರಿಗಳು ಇರುವುದುಂಟು. ಮನುಷ್ಯರಲ್ಲಿ ರೋಗವು ಹೆಚ್ಚಾಗಿ ಕಾಣಿಸಿಕೊಳ್ಳುವ ಡಿಸೆಂಬರ್‌ನಿಂದ ಮೇ ವರೆಗಿನ ಅವಧಿಯ ಬಹುಭಾಗವು ಚಳಿಗಾಲದ ವಲಸೆ ಹಕ್ಕಿಗಳು ಇಲ್ಲಿರುವ ಕಾಲವೂ ಹೌದು. ಈ ಹೊಂದಾಣಿಕೆಯು ಮೇಲ್ನೋಟಕ್ಕೆ ಊಹೆಗೆ ಪುಷ್ಟಿ ಕೊಡುವಂತಿತ್ತು.

ಊಹೆಯನ್ನು ಪರಿಶೀಲಿಸಲು ಹೊರಟಾಗ ಎದುರಾದುದು ಮೂಲಭೂತವಾದ ಅಜ್ಞಾನ. ಭಾರತಕ್ಕೆ ಬರುವ ಹಕ್ಕಿಗಳಲ್ಲಿ ಯಾವುವು ಯಾವ ದೇಶದಿಂದ, ಯಾವ ದಾರಿಯಲ್ಲಿ ಬರುತ್ತವೆ ಎಂಬುದರ ಬಗೆಗೆ ಅಂದು ಲಭ್ಯವಿದ್ದ ಪುರಾವೆ ಅತ್ಯಲ್ಪ. ಆದುದರಿಂದ ರೋಗದ ಪ್ರಶ್ನೆಯು ಪಕ್ಷಿವಿಜ್ಞಾನದ ಪ್ರಶ್ನೆಯಾಗಿ ಪರಿಣಮಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ ಪಕ್ಷಿವಲಸೆ ಅಧ್ಯಯನ ಯೋಜನೆಯನ್ನು ಆರಂಭಿಸಿತು.

ಸಲೀಂ ಅಲಿಯವರ ಪೂರ್ವಸಿದ್ಧತೆ

ಈ ಹೊಣೆಗೆ ಸಲೀಂ ಅಲಿಯವರು ಎರಡು ಕಾರಣಗಳಿಂದ ಸಮರ್ಥರಾಗಿದ್ದರು. ಮೊದಲನೆಯದು, ಉಂಗುರ ವಿಧಾನದ ನೇರ ಪರಿಚಯ. 1929–30ರಲ್ಲಿ ಅವರು ಬರ್ಲಿನ್ನಿನಲ್ಲಿ ಪ್ರಖ್ಯಾತ ಪಕ್ಷಿವಿಜ್ಞಾನಿ ಎರ್ವಿನ್ ಸ್ಟ್ರೆಸೆಮಾನ್ ಅವರ ಬಳಿ ಅಧ್ಯಯನ ನಡೆಸಿದರು. ಆ ಸಂದರ್ಭದಲ್ಲಿ ಉತ್ತರ ಸಮುದ್ರದ ಹೆಲಿಗೊಲೆಂಡ್ ದ್ವೀಪದ ಪಕ್ಷಿವೀಕ್ಷಣಾಲಯದಲ್ಲಿ ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುವ ಕ್ರಮವನ್ನು ಪ್ರತ್ಯಕ್ಷ ಅನುಭವದಿಂದ ಕಲಿತರು. ಎರಡನೆಯದು, ಕನ್ನಡ ನಾಡಿನ ಹಕ್ಕಿಗಳ ಪರಿಚಯ. ಮೈಸೂರು ಸಂಸ್ಥಾನದ ಆಶ್ರಯದಲ್ಲಿ 1939–40ರಲ್ಲಿ ಅವರು ನಡೆಸಿದ ಪಕ್ಷಿಸಮೀಕ್ಷೆಯ ಫಲಿತಾಂಶವು ಸೊಸೈಟಿಯ ನಿಯತಕಾಲಿಕದಲ್ಲಿ 1942–43ರ ಅವಧಿಯಲ್ಲಿ 'ಮೈಸೂರಿನ ಪಕ್ಷಿಗಳು' ಎಂಬ ಅರ್ಥದ ಶೀರ್ಷಿಕೆಯಲ್ಲಿ ಹಲವು ಕಂತುಗಳಾಗಿ ಪ್ರಕಟಗೊಂಡಿತು. ಅಂದಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿಯೇ ದಾವಣಗೆರೆ, ಹರಿಹರಗಳು ಸೇರಿದ್ದವು. ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಒಂದು ನಾಡಿನಲ್ಲಿ ಯಾವ ಹಕ್ಕಿಗಳಿವೆ, ಅವುಗಳಲ್ಲಿ ನಿವಾಸಿಗಳು ಯಾವುವು, ಅತಿಥಿಗಳು ಯಾವುವು ಎಂಬ ಪಟ್ಟಿಯಿಲ್ಲದೆ ವಲಸೆಯ ಅಧ್ಯಯನ ಅಸಾಧ್ಯ. ಆ ಪಟ್ಟಿಯನ್ನು ಸಿದ್ಧಪಡಿಸಿದವರೇ ಮುಂದೆ ವಲಸೆಯ ಅಧ್ಯಯನಕ್ಕೂ ತೊಡಗಿದುದು ಗಮನಾರ್ಹ.

ಉಂಗುರ ವಿಧಾನ

ಹಕ್ಕಿಯ ಕಾಲಿಗೆ ಸಂಖ್ಯೆಯುಳ್ಳ ಲೋಹದ ಉಂಗುರ ತೊಡಿಸಿ ಅದರ ಸಂಚಾರವನ್ನು ತಿಳಿಯುವ ಕ್ರಮವನ್ನು ಶಾಸ್ತ್ರೀಯವಾಗಿ ಆರಂಭಿಸಿದವರು ಡೆನ್ಮಾರ್ಕಿನ ವೀಬೋರ್ಗ್ ಪಟ್ಟಣದ ಶಾಲಾ ಅಧ್ಯಾಪಕ ಹಾನ್ಸ್ ಮೊರ್ಟೆನ್ಸನ್. 1899ರಲ್ಲಿ ಅವರು ಕಬ್ಬಕ್ಕಿಯ ಜಾತಿಯ ಸ್ಟಾರ್ಲಿಂಗ್ ಹಕ್ಕಿಗಳಿಗೆ ವಿಳಾಸ ಮತ್ತು ಕ್ರಮಸಂಖ್ಯೆಗಳನ್ನು ಕೊರೆದ ಅಲ್ಯೂಮಿನಿಯಂ ಉಂಗುರಗಳನ್ನು ತೊಡಿಸಿದರು. ಭಾರತದಲ್ಲಿ 1920ರ ದಶಕದ ಉತ್ತರಾರ್ಧದಲ್ಲಿ ಸೊಸೈಟಿಯ ಉಂಗುರಗಳನ್ನು ಬಳಸಿ ಧಾರ್ ಸಂಸ್ಥಾನದಲ್ಲಿ ಕಾಡುಬಾತುಗಳಿಗೆ ಉಂಗುರ ತೊಡಿಸುವ ಕೆಲಸ ನಡೆದಿತ್ತು. ಅದು ಸಣ್ಣ ಪ್ರಮಾಣದ ಪ್ರಯತ್ನವಾಗಿತ್ತು.

ವಿಧಾನದ ತತ್ತ್ವ ಸರಳವಾದುದು. ಕಣ್ಣಿಗೆ ಕಾಣದಷ್ಟು ನವಿರಾದ ನೂಲಿನಿಂದ ಹೆಣೆದ ಬಲೆಯನ್ನು ಹಕ್ಕಿಗಳ ಹಾರಾಟದ ದಾರಿಗೆ ಅಡ್ಡಲಾಗಿ ಕಟ್ಟಲಾಗುತ್ತದೆ. ಬಲೆಗೆ ಸಿಕ್ಕ ಹಕ್ಕಿಯನ್ನು ಗಾಯವಾಗದಂತೆ ಬಿಡಿಸಿ, ಬಟ್ಟೆಯ ಚೀಲದಲ್ಲಿರಿಸಿ, ಅದರ ಪ್ರಭೇದ, ಲಿಂಗ, ವಯಸ್ಸು, ರೆಕ್ಕೆಯ ಉದ್ದ, ತೂಕ, ಗರಿ ಉದುರಿ ಮೂಡುತ್ತಿರುವ ಸ್ಥಿತಿ ಮೊದಲಾದವುಗಳನ್ನು ಬರೆದುಕೊಳ್ಳಲಾಗುತ್ತದೆ. ಕಾಲಿನ ಗಾತ್ರಕ್ಕೆ ತಕ್ಕ ಉಂಗುರವನ್ನು ತೊಡಿಸಿ, ಅದರ ಸಂಖ್ಯೆಯನ್ನು ದಾಖಲಿಸಿ, ಹಕ್ಕಿಯನ್ನು ಹಾರಿಬಿಡಲಾಗುತ್ತದೆ. ಉಂಗುರವು ಬಿಗಿಯಾಗಿಯೂ ಇರಬಾರದು, ಜಾರುವಷ್ಟು ಸಡಿಲವಾಗಿಯೂ ಇರಬಾರದು. ಭಾರತದ ಉಂಗುರಗಳ ಮೇಲೆ ಕ್ರಮಸಂಖ್ಯೆಯೊಂದಿಗೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿರೆಂಬ ಕೋರಿಕೆಯು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ.

ಈ ಕೆಲಸದಲ್ಲಿ ಪ್ರಯೋಗಾಲಯದ ವಿದ್ಯೆಯಷ್ಟೇ ಹಕ್ಕಿ ಹಿಡಿಯುವವರ ಪಾರಂಪರಿಕ ವಿದ್ಯೆಯೂ ಅಗತ್ಯವಾಗಿತ್ತು. ಬಿಹಾರದ ಮೀರ್‌ಶಿಕಾರ್ ಸಮುದಾಯದವರು ಹಕ್ಕಿಗಳ ಚಲನೆಯನ್ನು ಅರಿತು, ಅವುಗಳಿಗೆ ಅಪಾಯವಾಗದಂತೆ ಹಿಡಿಯುವುದರಲ್ಲಿ ನಿಪುಣರು. ಸೊಸೈಟಿಯ ಶಿಬಿರಗಳು ದಶಕಗಳ ಕಾಲ ಅವರ ಕೈಚಳಕವನ್ನು ಅವಲಂಬಿಸಿದವು. ಮಾರಾಟಕ್ಕೆಂದು ಹಕ್ಕಿ ಹಿಡಿಯುತ್ತಿದ್ದ ವಿದ್ಯೆಯು ಹಕ್ಕಿಯನ್ನು ಅರಿಯುವ ಸಾಧನವಾದುದು ಈ ಯೋಜನೆಯ ಸಾಮಾಜಿಕ ಆಯಾಮಗಳಲ್ಲೊಂದು.

ಉಂಗುರ ತೊಡಿಸಿದ ಮಾತ್ರಕ್ಕೆ ಮಾಹಿತಿ ಹುಟ್ಟುವುದಿಲ್ಲ. ಅದೇ ಹಕ್ಕಿ ಮತ್ತೊಂದು ಶಿಬಿರದಲ್ಲಿ ಬಲೆಗೆ ಬೀಳಬೇಕು, ಬೇಟೆಗಾರನ ಕೈಗೆ ಸಿಗಬೇಕು, ಇಲ್ಲವೇ ಸತ್ತು ಬಿದ್ದಿರುವುದು ಯಾರದಾದರೂ ಕಣ್ಣಿಗೆ ಬೀಳಬೇಕು. ಹಾಗೆ ಕಂಡವರು ಸಂಖ್ಯೆಯನ್ನು ಓದಿ ತಿಳಿಸಬೇಕು. ಸಣ್ಣ ಹಾಡುಹಕ್ಕಿಗಳಲ್ಲಿ ಸಾವಿರ ಉಂಗುರಗಳಿಗೆ ಕೆಲವೇ ವರದಿಗಳು ಹಿಂದಿರುಗುತ್ತವೆ. ಬೇಟೆಗೆ ಗುರಿಯಾಗುವ ಬಾತುಗಳಲ್ಲಿ ಪ್ರಮಾಣ ಹೆಚ್ಚು. ಆದಕಾರಣವೇ ಲಕ್ಷಗಟ್ಟಲೆ ಹಕ್ಕಿಗಳಿಗೆ ಉಂಗುರ ತೊಡಿಸುವುದು ಅನಿವಾರ್ಯವಾಗುತ್ತದೆ. ಒಂದು ಉಂಗುರದ ವರದಿಯು ಎರಡು ಬಿಂದುಗಳನ್ನು ಮಾತ್ರ ಕೊಡುತ್ತದೆ. ಹೊರಟ ಸ್ಥಳ ಮತ್ತು ಸಿಕ್ಕ ಸ್ಥಳಗಳ ನಡುವಣ ದಾರಿಯನ್ನು ನೂರಾರು ವರದಿಗಳನ್ನು ಜೋಡಿಸಿ ಅನುಮಾನಿಸಬೇಕಾಗುತ್ತದೆ.

ಯೋಜನೆಯ ನಡೆ ಮತ್ತು ಫಲಿತಾಂಶ

1960ರ ದಶಕದಲ್ಲಿ ಸೊಸೈಟಿಯ ಕಾರ್ಯವು ಏಷ್ಯಾವ್ಯಾಪಿಯಾದ ಮತ್ತೊಂದು ಯೋಜನೆಯೊಂದಿಗೆ ಜೋಡಿಸಿಕೊಂಡಿತು. ಬ್ಯಾಂಕಾಕನ್ನು ಕೇಂದ್ರವಾಗಿರಿಸಿಕೊಂಡು ಎಲಿಯಟ್ ಮೆಕ್‌ಕ್ಲೂರ್ ಅವರು 1963ರಿಂದ 1971ರವರೆಗೆ ನಡೆಸಿದ ವಲಸೆ ಪ್ರಾಣಿಗಳ ರೋಗ ಸಮೀಕ್ಷೆಯಲ್ಲಿ ಹಲವು ದೇಶಗಳು ಸೇರಿ ಹತ್ತು ಲಕ್ಷಕ್ಕೂ ಮಿಕ್ಕಿ ಹಕ್ಕಿಗಳಿಗೆ ಉಂಗುರ ತೊಡಿಸಿದವು. ಅದರ ಫಲಿತಾಂಶವನ್ನು ಮೆಕ್‌ಕ್ಲೂರ್ 1974ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಈ ಸಮೀಕ್ಷೆಗೆ ಅಮೆರಿಕದ ಸೈನ್ಯದ ಧನಸಹಾಯವಿದ್ದುದು ಭಾರತದಲ್ಲಿ ವಿವಾದಕ್ಕೆ ಎಡೆಗೊಟ್ಟಿತು. ಹಕ್ಕಿಗಳ ಮೂಲಕ ರೋಗಾಣುಗಳನ್ನು ಹರಡುವ ಸಾಧ್ಯತೆಯ ಅಧ್ಯಯನವು ಇದರ ಹಿಂದಿದೆಯೇ ಎಂಬ ಸಂಶಯವು ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ವ್ಯಕ್ತವಾಯಿತು. ವಿದೇಶಿ ಸಹಯೋಗದ ಸಂಶೋಧನಾ ಯೋಜನೆಗಳನ್ನು ಕುರಿತ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ 1975ರ ವರದಿಯಲ್ಲಿ ಪಕ್ಷಿವಲಸೆ ಯೋಜನೆಯೂ ಪರಿಶೀಲನೆಗೆ ಒಳಪಟ್ಟಿತು. ವಿಜ್ಞಾನದ ಪ್ರಶ್ನೆ ಎಷ್ಟೇ ನಿರ್ಮಲವಾಗಿದ್ದರೂ ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ಫಲಿತಾಂಶ ಯಾರ ಕೈ ಸೇರುತ್ತದೆ ಎಂಬುದು ಸಾರ್ವಜನಿಕ ವಿಚಾರವೇ ಎಂಬ ಪಾಠವನ್ನು ಈ ಪ್ರಸಂಗವು ಕಲಿಸಿತು.

ರೋಗದ ಮೂಲಪ್ರಶ್ನೆಗೆ ದೊರೆತ ಉತ್ತರವೇನು? ಉಂಗುರ ಶಿಬಿರಗಳಲ್ಲಿ ಹಕ್ಕಿಗಳ ರಕ್ತದ ಮಾದರಿಗಳನ್ನೂ ಮೈಮೇಲಿನ ಉಣುಗುಗಳನ್ನೂ ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸಲಾಗುತ್ತಿತ್ತು. ವಲಸೆ ಹಕ್ಕಿಗಳೇ ಈ ವೈರಸ್ಸನ್ನು ಸೈಬೀರಿಯಾದಿಂದ ಮಲೆನಾಡಿಗೆ ತಂದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಉಣುಗಿನ ಜೀವನಕ್ರಮವೂ ಈ ಊಹೆಗೆ ಅಷ್ಟಾಗಿ ಅನುಕೂಲವಾಗಿಲ್ಲ. ಮರಿ ಉಣುಗು ಒಂದು ಪ್ರಾಣಿಯ ಮೈಗೆ ಅಂಟಿಕೊಂಡು ಕೆಲವೇ ದಿನಗಳಲ್ಲಿ ರಕ್ತ ಹೀರಿ ಉದುರಿಬೀಳುತ್ತದೆ. ಹಕ್ಕಿಯ ಪಯಣವೋ ನಡುನಡುವೆ ತಂಗುತ್ತ ವಾರಗಟ್ಟಲೆ ಸಾಗುವಂಥದು. ಮಲೆನಾಡಿನ ಕಾಡಿನಲ್ಲಿ ನೆಲದ ಮೇಲೆ ಮೇಯುವ ಸ್ಥಳೀಯ ಹಕ್ಕಿಗಳು, ಸಣ್ಣ ಸಸ್ತನಿಗಳು, ಮಂಗಗಳು, ಮೇವಿಗೆ ಹೋಗುವ ದನಕರುಗಳು ಇವುಗಳ ನಡುವೆಯೇ ಉಣುಗಿನ ಬಾಳು ನಡೆಯುತ್ತದೆ. ರೋಗವು ಮಲೆನಾಡಿನಲ್ಲಿಯೇ ನೆಲೆನಿಂತದ್ದೆಂಬುದು ಸ್ಪಷ್ಟವಾಯಿತು. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ಅಲ್‌ಖುರ್ಮಾ ವೈರಸ್ ಕ್ಯಾಸನೂರಿನ ವೈರಸ್ಸಿಗೆ ಅತಿನಿಕಟವಾದುದೆಂದು ತಿಳಿದ ಮೇಲೆ, ಬಂಧುತ್ವದ ಹುಡುಕಾಟವು ಸೈಬೀರಿಯಾದ ಆಚೆಗೂ ಹರಡಿತು.

ಕೇಳಿದ ಪ್ರಶ್ನೆಗೆ ನಿರೀಕ್ಷಿತ ಉತ್ತರ ದೊರೆಯದಿದ್ದರೂ, ಕೇಳುವ ಕ್ರಮದಲ್ಲಿ ಒಂದು ವಿಜ್ಞಾನಶಾಖೆ ಕಟ್ಟಲ್ಪಟ್ಟಿತು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಕಝಾಕಸ್ತಾನ, ಪಶ್ಚಿಮ ಸೈಬೀರಿಯಾಗಳಿಂದ ವರದಿಯಾದವು. 1980ರ ದಶಕದಲ್ಲಿ ಸೊಸೈಟಿಯ ಪಕ್ಷಿವಲಸೆ ಯೋಜನೆಯು ಹೊಸದಾಗಿ ಮುಂದುವರಿಯಿತು. ಪಾಯಿಂಟ್ ಕ್ಯಾಲಿಮೇರಿನಲ್ಲಿ ಡಾ. ಎಸ್. ಬಾಲಚಂದ್ರನ್ ಅವರು ಕಡಲತೀರದ ಹಕ್ಕಿಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಅವರೂ ಸಹೋದ್ಯೋಗಿಗಳೂ ಸೇರಿ ಸಿದ್ಧಪಡಿಸಿದ ಭಾರತದ ಪಕ್ಷಿವಲಸೆಯ ನಕ್ಷಾಸಂಪುಟವು 2018ರಲ್ಲಿ ಪ್ರಕಟಗೊಂಡಿತು. ಧಾರ್ ಸಂಸ್ಥಾನದ ಕಾಲದಿಂದ ಸಂಗ್ರಹವಾದ ಉಂಗುರದ ದಾಖಲೆಗಳೆಲ್ಲ ಅದರಲ್ಲಿ ಒಂದೆಡೆ ಸೇರಿವೆ.

ಉಂಗುರದಿಂದ ಎಣಿಕೆಗೆ

ಹಕ್ಕಿ ಎಲ್ಲಿಂದ ಬಂದಿತೆಂಬುದನ್ನು ಉಂಗುರ ಹೇಳುತ್ತದೆ. ಎಷ್ಟು ಹಕ್ಕಿಗಳಿವೆ, ಅವು ಹೆಚ್ಚುತ್ತಿವೆಯೋ ಕುಗ್ಗುತ್ತಿವೆಯೋ ಎಂಬುದು ಬೇರೆ ಪ್ರಶ್ನೆ. ಈ ಎರಡನ್ನೂ ಬೆಸೆದವರು ಅಮೆರಿಕದ ಫ್ರೆಡೆರಿಕ್ ಲಿಂಕನ್. ಗುರುತು ಮಾಡಿದ ಪ್ರಾಣಿಗಳ ಪ್ರಮಾಣದಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ತತ್ತ್ವವನ್ನು ಡೆನ್ಮಾರ್ಕಿನ ಮತ್ಸ್ಯವಿಜ್ಞಾನಿ ಪೀಟರ್ಸನ್ ಮೊದಲೇ ಸೂಚಿಸಿದ್ದರು. 1930ರಲ್ಲಿ ಲಿಂಕನ್ ಅದನ್ನು ಬಾತುಗಳ ಉಂಗುರದ ವರದಿಗಳಿಗೆ ಅನ್ವಯಿಸಿದರು.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ವಿವರಿಸಬಹುದು. ಒಂದು ಕೆರೆಯಲ್ಲಿ 200 ಬಾತುಗಳಿಗೆ ಉಂಗುರ ತೊಡಿಸಿ ಬಿಡಲಾಯಿತೆನ್ನೋಣ. ಕೆಲವು ದಿನಗಳ ಅನಂತರ ಅಲ್ಲಿಯೇ 150 ಬಾತುಗಳನ್ನು ಹಿಡಿದಾಗ ಅವುಗಳಲ್ಲಿ 10ಕ್ಕೆ ಉಂಗುರವಿದ್ದರೆ, ಹಿಡಿದವುಗಳಲ್ಲಿ ಹದಿನೈದಕ್ಕೊಂದು ಉಂಗುರಧಾರಿ ಎಂದಾಯಿತು. ಇಡೀ ಕೆರೆಯಲ್ಲಿಯೂ ಇದೇ ಪ್ರಮಾಣವಿದೆಯೆಂದು ಭಾವಿಸಿದರೆ ಒಟ್ಟು ಬಾತುಗಳು 200 ಗುಣಿಸು 15, ಅಂದರೆ 3,000. ಈ ಲೆಕ್ಕವು ನಿಲ್ಲಬೇಕಾದರೆ ಎರಡು ಹಿಡಿತಗಳ ನಡುವೆ ಹಕ್ಕಿಗಳು ಹೊರಹೋಗಿರಬಾರದು, ಹೊಸವು ಬಂದಿರಬಾರದು, ಉಂಗುರ ತೊಟ್ಟ ಹಕ್ಕಿಗಳು ಬಲೆಗೆ ಅಂಜಿ ದೂರವಿರಬಾರದು. ವಲಸೆ ಹಕ್ಕಿಗಳ ವಿಷಯದಲ್ಲಿ ಈ ಷರತ್ತುಗಳು ಪೂರ್ಣವಾಗಿ ಈಡೇರುವುದು ವಿರಳ. ಆದುದರಿಂದ ದೊಡ್ಡ ಪ್ರದೇಶಗಳ ಮಟ್ಟಿಗೆ ನೇರ ಎಣಿಕೆಯೇ ಮುಖ್ಯ ಆಧಾರವಾಗುತ್ತದೆ.

1987ರಲ್ಲಿ ಆರಂಭವಾದ ಏಷ್ಯಾದ ನೀರುಹಕ್ಕಿ ಗಣತಿಯು ಈ ಬಗೆಯದು. ಪ್ರತಿವರ್ಷ ಜನವರಿಯಲ್ಲಿ, ವಲಸೆಯ ಓಡಾಟ ನಿಂತು ಹಕ್ಕಿಗಳು ಒಂದೆಡೆ ನೆಲೆಗೊಂಡಿರುವ ಹೊತ್ತಿನಲ್ಲಿ, ಸ್ವಯಂಸೇವಕರು ಕೆರೆ, ಜಲಾಶಯ, ಅಳಿವೆಗಳಲ್ಲಿ ಹಕ್ಕಿಗಳನ್ನು ಎಣಿಸುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಎಸ್. ಸುಬ್ರಮಣ್ಯ ಅವರು ಇದರ ಸಂಯೋಜಕರಾಗಿ ದೀರ್ಘಕಾಲ ದುಡಿದರು. ಈಚಿನ ದಶಕಗಳಲ್ಲಿ ಹವ್ಯಾಸಿಗಳು ಅಂತರಜಾಲದಲ್ಲಿ ದಾಖಲಿಸುವ ಪಟ್ಟಿಗಳೂ ಇದಕ್ಕೆ ಸೇರಿವೆ. ಅಂತಹ ಪಟ್ಟಿಗಳನ್ನಾಧರಿಸಿದ 'ಭಾರತದ ಪಕ್ಷಿಗಳ ಸ್ಥಿತಿ' ಎಂಬ 2023ರ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿ, 178 ಪ್ರಭೇದಗಳಿಗೆ ಸಂರಕ್ಷಣೆಯಲ್ಲಿ ಉನ್ನತ ಆದ್ಯತೆ ಬೇಕೆಂದು ಗುರುತಿಸಿತು. ದೂರದಿಂದ ವಲಸೆ ಬರುವ ಹಕ್ಕಿಗಳು ನಿವಾಸಿ ಹಕ್ಕಿಗಳಿಗಿಂತ ಹೆಚ್ಚು ಕುಸಿತ ಕಂಡಿವೆ ಎಂಬುದು ಅದರ ಮುಖ್ಯ ನಿರ್ಣಯಗಳಲ್ಲೊಂದು. 2014–16ರಲ್ಲಿ ಸಿದ್ಧವಾದ ಮೈಸೂರು ನಗರದ ಪಕ್ಷಿನಕ್ಷೆಯು, ಪ್ರದೇಶವನ್ನು ಚೌಕಗಳಾಗಿ ವಿಭಾಗಿಸಿ ಕ್ರಮಬದ್ಧವಾಗಿ ಎಣಿಸಿದರೆ ನಾಗರಿಕರ ಶ್ರಮವೂ ಸಂಶೋಧನೆಯಾಗಬಲ್ಲದೆಂಬುದಕ್ಕೆ ಕನ್ನಡ ನಾಡಿನ ನಿದರ್ಶನ.

ಪಟ್ಟೆತಲೆ ಹೆಬ್ಬಾತಿನ ಸಾಕ್ಷ್ಯ

ಉಂಗುರ ವಿಧಾನದ ಮಿತಿಯನ್ನು ಹೊಸ ಸಾಧನಗಳು ಹೇಗೆ ದಾಟಿದವೆಂಬುದಕ್ಕೆ ಪಟ್ಟೆತಲೆ ಹೆಬ್ಬಾತು ಉತ್ತಮ ದೃಷ್ಟಾಂತ. ಮಂಗೋಲಿಯಾ, ಟಿಬೆಟ್, ಲಡಾಖ್ ಮೊದಲಾದೆಡೆ ಮರಿಮಾಡುವ ಈ ಹಕ್ಕಿ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಗುಂಪುಗುಂಪಾಗಿ ಬಂದಿಳಿಯುತ್ತದೆ. ಮಂಗೋಲಿಯಾದಲ್ಲಿ ಇವುಗಳ ಕುತ್ತಿಗೆಗೆ ದೂರದರ್ಶಕದಿಂದ ಓದಬಹುದಾದ ಅಕ್ಷರಗಳುಳ್ಳ ಬಣ್ಣದ ಪಟ್ಟಿ ತೊಡಿಸಲಾಯಿತು. ಅಂತಹ ಪಟ್ಟಿಯುಳ್ಳ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದುದರಿಂದ ನಮ್ಮ ಕೆರೆಗೂ ಮಂಗೋಲಿಯಾದ ಸರೋವರಕ್ಕೂ ಇರುವ ನಂಟು ಹಕ್ಕಿಯನ್ನು ಹಿಡಿಯದೆಯೇ ಸಿದ್ಧವಾಯಿತು.

2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ನೀರುಹಕ್ಕಿಗಳು ಸತ್ತವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಬಹುಸಂಖ್ಯೆಯಲ್ಲಿದ್ದವು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿ ಸಾಕಣೆ ಕೇಂದ್ರಗಳಲ್ಲಿ ಭಾರತದ ಮೊದಲ ಪ್ರಕರಣ ವರದಿಯಾಯಿತು. ಕ್ಯಾಸನೂರಿನಲ್ಲಿ ಉಣುಗಿನ ಬಗೆಗೆ ಕೇಳಿದ್ದ ಪ್ರಶ್ನೆಯನ್ನು ಈಗ ಬೇರೊಂದು ವೈರಸ್ಸಿನ ಬಗೆಗೆ ಕೇಳಬೇಕಾಯಿತು. ಅದಕ್ಕಾಗಿ ಭಾರತ, ಚೀನಾ, ಮಂಗೋಲಿಯಾಗಳಲ್ಲಿ ಈ ಹೆಬ್ಬಾತುಗಳಿಗೆ ಉಪಗ್ರಹ ಸಂಕೇತಕಗಳನ್ನು ಅಳವಡಿಸಲಾಯಿತು. ತಮಿಳುನಾಡಿನ ಕೂಂತನ್‌ಕುಳಂ ಮತ್ತು ಒಡಿಶಾದ ಚಿಲ್ಕಾಗಳಲ್ಲಿ ಸೊಸೈಟಿಯೂ ಇದರಲ್ಲಿ ಪಾಲ್ಗೊಂಡಿತು. ಇಂತಹ ಹೆಬ್ಬಾತುಗಳ ಪಯಣವನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವು, ಅವು ಏಳೆಂಟು ಗಂಟೆಗಳಲ್ಲಿ 4,000ದಿಂದ 6,000 ಮೀಟರುಗಳಷ್ಟು ಏರಿ ಹಿಮಾಲಯವನ್ನು ದಾಟುತ್ತವೆಂದು ತೋರಿಸಿತು. ಎರಡು ಬಿಂದುಗಳ ನಡುವಣ ಅನುಮಾನದ ಗೆರೆಯಿದ್ದಲ್ಲಿ ಈಗ ಹಗಲಿರುಳಿನ ದಾರಿಯೇ ಕಾಣತೊಡಗಿತು. ಹಕ್ಕಿಯ ಪ್ರಯಾಣದ ದಿನಗಳನ್ನೂ ರೋಗ ಕಾಣಿಸಿಕೊಂಡ ದಿನಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ಕಾಡುಹಕ್ಕಿಗಳ ಪಾತ್ರವನ್ನು ಅಲ್ಲಗಳೆಯಲಾಗದಾದರೂ, ಸಾಕುಕೋಳಿಗಳ ಸಾಗಾಣಿಕೆ ಮತ್ತು ಮಾರುಕಟ್ಟೆಗಳ ಮೂಲಕ ಈ ರೋಗ ಹರಡುವ ಪ್ರಮಾಣವನ್ನು ಕಡೆಗಣಿಸಬಾರದೆಂಬುದು ಇಂತಹ ಅಧ್ಯಯನಗಳಿಂದ ಮನದಟ್ಟಾಯಿತು.

ಹರಿಹರ–ದಾವಣಗೆರೆ ಸೀಮೆಯಲ್ಲಿ ಅನ್ವಯ

ಈ ಹಿನ್ನೆಲೆಯಲ್ಲಿ ಮಧ್ಯ ಕರ್ನಾಟಕದತ್ತ ನೋಡಿದಾಗ ಕೆಲವು ವಿಶೇಷಗಳು ಕಾಣುತ್ತವೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಥವಾ ಶಾಂತಿಸಾಗರದಿಂದ ಹೊರಡುವ ಹರಿದ್ರಾ ನದಿಯು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹರಿಹರ ತಾಲ್ಲೂಕಿನ ಕೊಂಡಜ್ಜಿ ಕೆರೆ, ದೇವರಬೆಳಕೆರೆಯ ಪಿಕಪ್, ದಾವಣಗೆರೆಯ ಅಂಚಿನ ಬಾತಿ ಕೆರೆ ಇವೆಲ್ಲ ಪರಸ್ಪರ ಹತ್ತಿರದಲ್ಲಿವೆ. ಇವುಗಳ ನಡುವೆ ಭದ್ರಾ ನಾಲೆಯ ಕೊನೆಭಾಗದ ಗದ್ದೆಬಯಲು ಹರಡಿಕೊಂಡಿದೆ. ಭಾನುವಳ್ಳಿಯಂತಹ ಗ್ರಾಮಗಳ ಸುತ್ತಲಿನ ಭತ್ತದ ಗದ್ದೆಗಳೂ ಈ ಜಲವ್ಯವಸ್ಥೆಯ ಭಾಗವೇ. ಹಕ್ಕಿಯ ದೃಷ್ಟಿಯಿಂದ ಇವು ಬೇರೆಬೇರೆ ಸ್ಥಳಗಳಲ್ಲ. ಹಗಲು ಕೆರೆಯಲ್ಲಿ ವಿಶ್ರಮಿಸುವ ಸೂಜಿಬಾಲದ ಬಾತು ಇರುಳು ಗದ್ದೆಯಲ್ಲಿ ಮೇಯುವುದುಂಟು. ಗದ್ದೆಗೊರವ, ಹಳದಿ ಸಿಪಿಲೆ ಮೊದಲಾದ ವಲಸೆ ಹಕ್ಕಿಗಳಿಗೆ ಕೆರೆಯ ಆಳವಾದ ನೀರಿಗಿಂತ ಗದ್ದೆಯ ತೆಳುನೀರೂ ಕೆಸರೂ ಹೆಚ್ಚು ಒಗ್ಗುತ್ತವೆ.

ಇಲ್ಲಿ ಎಣಿಕೆಯ ವಿಧಾನಕ್ಕೆ ಸಂಬಂಧಿಸಿದ ಒಂದು ತೊಡಕಿದೆ. ಜನವರಿಯ ಗಣತಿಯ ಕಾಲಕ್ಕೆ ಸರಿಯಾಗಿ ನಾಲೆಯಲ್ಲಿ ಬೇಸಿಗೆ ಬೆಳೆಗೆ ನೀರು ಹರಿಯತೊಡಗುತ್ತದೆ, ಗದ್ದೆಗಳಲ್ಲಿ ಕೆಸರು ಹೊಡೆದು ನಾಟಿ ಆರಂಭವಾಗುತ್ತದೆ. ಆಗ ಕೆರೆಯಲ್ಲಿದ್ದ ಹಕ್ಕಿಗಳು ಗದ್ದೆಬಯಲಿಗೆ ಚದುರಬಹುದು. ಕೆರೆಯನ್ನು ಮಾತ್ರ ಎಣಿಸಿದವರಿಗೆ ಹಕ್ಕಿಗಳು ಕಡಿಮೆಯಾದಂತೆ ತೋರುತ್ತದೆ. ಭದ್ರಾ ಜಲಾಶಯ ತುಂಬದೆ ಬೇಸಿಗೆ ಬೆಳೆಗೆ ನೀರು ಬಿಡದ ವರ್ಷದಲ್ಲಿ, ಅದರಲ್ಲಿಯೂ ನೀರಿನ ಕೊರತೆ ಮೊದಲು ತಟ್ಟುವ ಕೊನೆಭಾಗದಲ್ಲಿ, ಹಕ್ಕಿಗಳು ಉಳಿದ ಕೆರೆಗಳಿಗೆ ಒತ್ತರಿಸಿ ಸಂಖ್ಯೆ ಹೆಚ್ಚಿದಂತೆ ಕಾಣಬಹುದು. ಎರಡೂ ಸಂದರ್ಭಗಳಲ್ಲಿ ಬದಲಾದುದು ನೀರಿನ ಹಂಚಿಕೆಯೇ ಹೊರತು ಹಕ್ಕಿಗಳ ಸಂಖ್ಯೆಯಾಗದಿರಬಹುದು. ಆದುದರಿಂದ ಈ ಸೀಮೆಯ ಗಣತಿಯಲ್ಲಿ ಕೆರೆಯ ನೀರಿನ ಮಟ್ಟ, ನಾಲೆಗೆ ನೀರು ಬಿಟ್ಟ ದಿನಾಂಕ, ಸುತ್ತಲಿನ ಬೆಳೆಯ ಹಂತ ಇವನ್ನು ಹಕ್ಕಿಗಳ ಸಂಖ್ಯೆಯೊಂದಿಗೇ ದಾಖಲಿಸುವುದು ಅವಶ್ಯ. ಕೆರೆಗಳೊಂದಿಗೆ ಆಯ್ದ ಗದ್ದೆಬಯಲುಗಳನ್ನೂ ಅದೇ ದಿನ ಎಣಿಸಬೇಕು. ನಾಲೆಯ ನೀರಿನ ದಾಖಲೆ ನೀರಾವರಿ ಇಲಾಖೆಯಲ್ಲಿಯೂ, ಬೆಳೆಯ ದಾಖಲೆ ಕೃಷಿ ಇಲಾಖೆಯಲ್ಲಿಯೂ ಇರುತ್ತವೆ. ಅವುಗಳನ್ನು ಹಕ್ಕಿಯ ದಾಖಲೆಯೊಂದಿಗೆ ಜೋಡಿಸುವ ಕಾರ್ಯಕ್ಕೆ ಪ್ರದೇಶದ ವಿಶ್ವವಿದ್ಯಾನಿಲಯಗಳೂ ಪದವಿ ಕಾಲೇಜುಗಳೂ ಯೋಗ್ಯ ನೆಲೆಗಳು.

ತುಂಗಭದ್ರೆಯ ಕೆಳಹರಿವಿನಲ್ಲಿ ಇಂತಹ ದಾಖಲೆಯ ಪ್ರಯೋಜನವನ್ನು ಕಾಣಬಹುದು. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯು ಗದಗಿನ ಮಾಗಡಿ ಕೆರೆ ಹಾಗೂ ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳೊಂದಿಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಮಾನ್ಯತೆಯ ಅಳತೆಗೋಲುಗಳಲ್ಲಿ ಜಲನೆಲೆಯನ್ನು ಆಶ್ರಯಿಸಿದ ಹಕ್ಕಿಗಳ ಎಣಿಕೆಯೂ ಒಂದು. ಎಣಿಕೆಯಿಲ್ಲದ ಕೆರೆಗೆ ತನ್ನ ಪರವಾಗಿ ವಾದಿಸುವ ಸಾಕ್ಷಿ ಇರುವುದಿಲ್ಲ. ಒತ್ತುವರಿಯೋ, ಹೂಳೋ, ಕೊಳಚೆ ನೀರೋ ಅದನ್ನು ಕೆಡಿಸಿದ ಮೇಲೆ ಮೊದಲು ಅಲ್ಲಿ ಏನಿತ್ತೆಂಬುದನ್ನು ಹೇಳುವ ಆಧಾರವೂ ಉಳಿಯುವುದಿಲ್ಲ.

ಉಪಸಂಹಾರ

ಬನ್ನಿಕೋಡಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಸರ್ಕಾರವು ನಿಯಮದಂತೆ ಸುತ್ತಲಿನ ಕೋಳಿಗಳನ್ನು ನಾಶಪಡಿಸುವ ಕ್ರಮ ಕೈಗೊಂಡಿತು. ಮನೆಯಂಗಳದ ನಾಲ್ಕಾರು ಕೋಳಿಗಳನ್ನು ನೆಚ್ಚಿದ ಕುಟುಂಬಗಳಿಗೆ ಅದು ನಿಜವಾದ ನಷ್ಟ. ಅಂತಹ ಸಮಯದಲ್ಲಿ ಕೆರೆಯ ಹಕ್ಕಿಗಳ ಮೇಲೆ ಅನುಮಾನ ಮೂಡುವುದು ಸ್ವಾಭಾವಿಕ. ಅನುಮಾನವು ಸರಿಯಿದ್ದರೆ ಅದನ್ನು ಸ್ಥಾಪಿಸಲು, ತಪ್ಪಾಗಿದ್ದರೆ ಅದರಿಂದ ಹಕ್ಕಿಗಳನ್ನೂ ಕೆರೆಗಳನ್ನೂ ಉಳಿಸಲು ಬೇಕಾದುದು ಹಿಂದಿನ ವರ್ಷಗಳ ದಾಖಲೆ. 1957ರಲ್ಲಿ ಅಂತಹ ದಾಖಲೆ ಇರಲಿಲ್ಲವಾದುದರಿಂದಲೇ ಸಲೀಂ ಅಲಿಯವರು ಮೊದಲಿನಿಂದ ಆರಂಭಿಸಬೇಕಾಯಿತು.

ಅವರ ಯೋಜನೆಯ ಮುಖ್ಯ ಫಲವು ಒಂದು ಊಹೆಯನ್ನು ಎತ್ತಿಹಿಡಿದದ್ದಲ್ಲ. ಊಹೆಗೆ ಪುರಾವೆ ದೊರೆಯದಿದ್ದರೂ ಉಂಗುರದ ಕಡತಗಳು ಮುಂದುವರಿದವು, ಶಿಬಿರಗಳು ನಡೆದವು, ಒಂದು ತಲೆಮಾರಿನವರು ತೊಡಿಸಿದ ಉಂಗುರವನ್ನು ಮತ್ತೊಂದು ತಲೆಮಾರಿನವರು ಓದಿದರು. ಒಂದೇ ಸ್ಥಳದಲ್ಲಿ, ಒಂದೇ ಕ್ರಮದಲ್ಲಿ, ತಪ್ಪದೆ ನಡೆಯುವ ಕಾರ್ಯಕ್ಕೆ ಇರುವ ಬೆಲೆ ಒಮ್ಮೆ ನಡೆದು ನಿಂತುಹೋಗುವ ದೊಡ್ಡ ಸಮೀಕ್ಷೆಗೂ ಇರುವುದಿಲ್ಲ. ಕೊಂಡಜ್ಜಿಯಿಂದ ಭಾನುವಳ್ಳಿಯವರೆಗಿನ ಕೆರೆ-ಗದ್ದೆಗಳಲ್ಲಿ ಅಂತಹ ಕಾರ್ಯಕ್ಕೆ ದುಬಾರಿ ಉಪಕರಣಗಳ ಅಗತ್ಯವಿಲ್ಲ. ದೂರದರ್ಶಕ, ದಿನಚರಿ ಪುಸ್ತಕ, ಹಕ್ಕಿಯನ್ನು ಗುರುತಿಸಬಲ್ಲ ಕಣ್ಣು, ಪ್ರತಿವರ್ಷ ಅದೇ ದಿನಗಳಲ್ಲಿ ಅದೇ ಏರಿಯ ಮೇಲೆ ನಿಲ್ಲುವ ಸಂಕಲ್ಪ ಇವಿಷ್ಟಿದ್ದರೆ ಆರಂಭಕ್ಕೆ ಸಾಕು. ಕಾಲಿನಲ್ಲಿ ಉಂಗುರವೋ ಕುತ್ತಿಗೆಯಲ್ಲಿ ಪಟ್ಟಿಯೋ ಇರುವ ಹಕ್ಕಿಯನ್ನು ಕಂಡ ರೈತನು ಆ ಸಂಖ್ಯೆಯನ್ನು ಬರೆದು ಸೊಸೈಟಿಗೆ ತಿಳಿಸಿದರೆ, ಕ್ಯಾಸನೂರಿನ ಕಾಡಿನಿಂದ ಮೊದಲಾದ ಆ ವಿಚಾರಣೆಯಲ್ಲಿ ಅವನೂ ಪಾಲುದಾರನಾಗುತ್ತಾನೆ.